ಕುದುರೆಗೆ ಎಂಬತ್ತೇ ಕಿಲೋ

ನಾನು ಹಾಕಿದ ಯೋಜನೆ ಯಾವುದೂ ಇವತ್ತಿನವರೆಗೆ ನೆಟ್ಟಗೆ ನಡೆದಿಲ್ಲ. ಹಾಗಂತ ನಾನು ಕೈಬಿಟ್ಟದ್ದೂ ಇಲ್ಲ. ನೈರೋಬಿಯ ಶಾಲೆಯಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟು ಸಾಕಾಗಿ, ಐವತ್ತು ತುಂಬುವುದರೊಳಗೆ ಕುದುರೆ ಜೊತೆ ಚ್ಯುಲು ಬೆಟ್ಟ ಹತ್ತಿ, ಆರಿಹೋದ ಜ್ವಾಲಾಮುಖಿಯ ಬಾಯಿಗೆ ಇಣುಕಿಯೇ ಸೈ ಎಂದು ಹಟ ಹಿಡಿದೆ.

೧. ಮನೆಯವರ ಪ್ರೋತ್ಸಾಹ

"ಯಾವತ್ತಾದ್ರೂ ಕುದುರೆ ಹತ್ತಿದ್ದೀಯಾ?" ಎಂದರು ಯಜಮಾನರು.

"ಇಲ್ಲ, ಕಲಿತೀನಿ. ನೀವೂ ಬನ್ನಿ."

"ನಾನು ಬರಲ್ಲಮ್ಮ. ನಂಗೆ ಈ ಸೋಫಾನೇ ಸಾಕು."

ಮಗಳು ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಮಟಾಟು ವ್ಯಾನ್ ಹತ್ತೋಕೇ ನಿಂಗೆ ಇಬ್ರು ಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಊಟಕ್ಕೆ ಬಾ ಎಂದು ಕನ್ನಡದಲ್ಲಿ ಹತ್ತು ಸಲ ಕೂಗಿದರೂ ಕೇಳಿಸದವಳಿಗೆ ಇಂಥ ಮಾತು ಮಾತ್ರ ಪೂರ್ತಿ ಕೇಳಿಸುತ್ತದೆ.

೨. ಎಪ್ಪತ್ತರ ಆಸುಪಾಸು

ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಐದು ಜನ ಬರುತ್ತೇವೆಂದರು. ಕುದುರೆಗಳ ಒಡತಿ ಕಳಿಸಿದ ಫಾರಂನಲ್ಲಿ ನಮ್ಮ ತೂಕ ಬರೆಯಬೇಕಿತ್ತು. ಎಂಬತ್ತು ಕಿಲೋ ದಾಟಿದವರಿಗೆ ಕುದುರೆ ಇಲ್ಲ. ನಾನೂ ಸೇರಿ ಆರೂ ಜನ ಎಪ್ಪತ್ತರ ಆಸುಪಾಸಿನಲ್ಲೇ ಬರೆದೆವು.

ಸವಾರಿ ಕಲಿಯಲು ಹೋದ ಮೊದಲ ದಿನವೇ ಆ ಪುಣ್ಯಾತ್ಗಿತ್ತಿ ನಮ್ಮನ್ನು ಹುಲ್ಲಿನ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದಳು. ನಾನು ಎಂಬತ್ತೇಳು. ತೂಕ ಇಳಿಸಿ ಎಂದು ದಿನವೂ ರೋಗಿಗಳನ್ನು ಗದರುವ ನಮ್ಮ ಗುಂಪಿನ ಡಾಕ್ಟರು ಎಂಬತ್ತನಾಲ್ಕು.

"ನಿಮ್ಮ ಮೆಷಿನ್ ಸರಿ ಇಲ್ಲ. ಫಾರಂ ನೋಡಿ, ಎಪ್ಪತ್ತೊಂದು ಅಂತಿದೆ" ಎಂದರು ಡಾಕ್ಟರು.

"ಇರಬಹುದು ಡಾಕ್ಟರ್. ಆದರೆ ನಮ್ಮ ಕುದುರೆಗಳು ಫಾರಂ ಓದೋದಿಲ್ಲ" ಎಂದಳು ಅವಳು.

ತೂಕ ಇಳಿಸಲು ನಮಗೆ ಆರು ತಿಂಗಳ ಗಡುವು ಸಿಕ್ಕಿತು.

೩. ಪೂರ್ವಸಿದ್ಧತಾ ಸಭೆ

ಪ್ರಯಾಣದ ಸಿದ್ಧತೆಗೆ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಸಭೆ ಕರೆದೆ. ನಮ್ಮವರನ್ನು ಮನೆಗೆ ಕರೆದು ಬರೀ ಕಾಫಿ ಕೊಟ್ಟು ಕಳಿಸಲು ಆಗುತ್ತದೆಯೇ? ಮೊದಲ ಸಭೆಗೆ ಬಿಸಿಬೇಳೆಬಾತು, ಎರಡನೆಯದಕ್ಕೆ ಮಸಾಲೆದೋಸೆ, ಮೂರನೆಯದಕ್ಕೆ ಜಾಮೂನು. ತೂಕ ಇಳಿಸುವ ಬಗ್ಗೆ ಮೂರು ಸಭೆ ಮುಗಿಯುವಷ್ಟರಲ್ಲಿ ನಾನು ಎಂಬತ್ತೊಂಬತ್ತಾಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಇನ್ನು ಮುಂದೆ ಸಭೆಯೆಲ್ಲ ಊರ ಪಕ್ಕದ ಕಾಡಿನಲ್ಲಿ, ಬೆಳಿಗ್ಗೆ ಆರಕ್ಕೆ, ನಡೆಯುತ್ತಲೇ ಎಂದು ಘೋಷಿಸಿದೆ.

ನಾಲ್ಕನೆಯ ಸಭೆಗೆ ಡಾಕ್ಟರು ಮತ್ತು ನಾನು ಇಬ್ಬರೇ. ಉಳಿದ ನಾಲ್ವರಿಂದ ಒಂದೇ ಸಂದೇಶ: "ಮೀಟಿಂಗ್ ಮಿನಿಟ್ಸ್ ಕಳಿಸಿ."

೪. ಜೊತೆಗಾರ

ಬಿಡಲಿಲ್ಲ. ದಿನವೂ ನಡೆದೆ, ಜಾಮೂನಿನ ಮುಖ ನೋಡಲಿಲ್ಲ. ಕೊನೆಗೆ ಉಳಿದ ಡಾಕ್ಟರೂ ನಾನೂ ಎಂಬತ್ತಕ್ಕಿಳಿದ ಮೇಲೆ ಸವಾರಿ ಕಲಿತೆವು. ಹೊರಡುವ ದಿನ ಯಂತ್ರ ಎಪ್ಪತ್ತೊಂಬತ್ತು ತೋರಿಸಿತು. ಡಾಕ್ಟರು ಬೂಟು, ಬೆಲ್ಟು, ವಾಚು ಎಲ್ಲ ಬಿಚ್ಚಿಟ್ಟು ಎಂಬತ್ತಕ್ಕೆ ಸರಿಯಾಗಿ ನಿಂತರು. "ಸವಾ, ಸರಿ" ಎಂದು ಒಡತಿ ತಲೆಯಾಡಿಸಿದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಹುಲ್ಲುಗಾವಲಿನಲ್ಲಿ ಎರಡು ಗಂಟೆ ರಾಣಿಯ ಹಾಗೆ ಸವಾರಿ ಮಾಡಿದೆ. ಆಮೇಲೆ ಕಡಿದಾದ ಏರು ಬಂತು, ಅದರ ಮೈತುಂಬ ಕಪ್ಪು ಲಾವಾ ಪುಡಿ.

"ಇಳೀರಿ. ಇಲ್ಲಿ ಕುದುರೆ ಕಾಲು ಜಾರುತ್ತೆ, ನಡೆಸಿಕೊಂಡೇ ಹೋಗಬೇಕು" ಎಂದ ಜೊತೆಗೆ ಬಂದಿದ್ದ ಗೈಡ್.

ಎರಡು ಹೆಜ್ಜೆ ಮುಂದಿಟ್ಟರೆ ಒಂದು ಹೆಜ್ಜೆ ಹಿಂದೆ. ಲಗಾಮು ಹಿಡಿದು ಏದುಸಿರು ಬಿಡುತ್ತಾ ಎಳೆದೆ. "ಪೋಲೆ ಪೋಲೆ, ನಿಧಾನ" ಎಂದು ಗೈಡ್ ಅಕ್ಕರೆಯಿಂದ ಹೇಳಿದ. ತಿರುಗಿ ನೋಡಿದರೆ ಅವನು ಹೇಳುತ್ತಿದ್ದದ್ದು ಕುದುರೆಗೆ.

ಕೊನೆಗೂ ತುದಿ ಮುಟ್ಟಿ ಆ ದೊಡ್ಡ ಹಸಿರು ಕುಳಿಯೊಳಗೆ ಇಣುಕಿದಾಗ ಅಳು ತಡೆಯಲಾಗಲಿಲ್ಲ. ಎಂಬತ್ತೊಂಬತ್ತು ಕಿಲೋ ಇದ್ದಿದ್ದರೆ ಆ ಏರು ನನ್ನಿಂದ ಖಂಡಿತ ಆಗುತ್ತಿರಲಿಲ್ಲ. ಹತ್ತು ಕಿಲೋ ಇಳಿಸಿದ್ದು ಕುದುರೆಗಲ್ಲ, ನನಗೇ ಬೇಕಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ಯಜಮಾನರು ಸೋಫಾದಲ್ಲೇ ಹೊರಳಿ ನಕ್ಕರು.

"ಬೆಟ್ಟ ನೀನೇ ನಡೆದು ಹತ್ತಿದ ಮೇಲೆ, ಆ ಕುದುರೆ ಯಾಕೆ ಬೇಕಿತ್ತೇ?"

"ಜೊತೆಗೆ ಯಾರಾದ್ರೂ ಬೇಕಲ್ಲ" ಎಂದೆ. "ನೀವು ಬರಲ್ಲ ಅಂದ್ರಿ. ಅದು ಬಂತು."