ಮಂಗಳನ ಮೇಲಿನ ನಾಲೆ

ಕೆಲವರಿಗೆ ಇಸ್ಪೀಟು, ಕೆಲವರಿಗೆ ರಾಜಕೀಯ. ನನಗೆ ಟೆಲಿಸ್ಕೋಪಿನ ಚಟ. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದರೆ ನನ್ನ ಹೆಂಡತಿ ಜಯಮ್ಮ ಒಪ್ಪುವುದಿಲ್ಲ. ದಂಡಿನಶಿವರದ ನಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕಿರುವ ಜಾಗ ಕೊಬ್ಬರಿ ಅಟ್ಟದ ಕೆಳಗೆ. ಅಟ್ಟಕ್ಕೆ ಹಾಕಿದ ಕಾಯನ್ನು ಒಣಗಿ ಕೊಬ್ಬರಿಯಾಗುವವರೆಗೆ ಯಾರೂ ಮುಟ್ಟುವುದಿಲ್ಲವಲ್ಲ, ಅಲ್ಲಿದ್ದರೆ ಟೆಲಿಸ್ಕೋಪನ್ನೂ ಯಾರೂ ಮುಟ್ಟುವುದಿಲ್ಲ ಎಂಬುದು ನನ್ನ ಬುದ್ಧಿವಂತಿಕೆ.

ಮಂಗಳ ಎರಡು ವರ್ಷ ಚಿಲ್ಲರೆಗೊಮ್ಮೆಯಾದರೂ ಭೂಮಿಗೆ ಹತ್ತಿರ ಬರುತ್ತಾನೆ. ಜಯಮ್ಮ ಮದುವೆಯಾದಾಗಿನಿಂದ ಒಮ್ಮೆಯೂ ನನ್ನ ಟೆಲಿಸ್ಕೋಪಿನ ಹತ್ತಿರ ಬಂದವಳಲ್ಲ. ಈ ಸಲ ಅವಳನ್ನು ತಾರಸಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮಂಗಳನನ್ನು ತೋರಿಸಬೇಕೆಂಬ ಆಸೆ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು, ನನಗಿತ್ತು. ಸಂಜೆ ತೆಂಗಿನ ಗರಿಗಳ ನಡುವೆ ಅವನು ಕೆಂಪಗೆ ಮೇಲೇರುತ್ತಿದ್ದಂತೆ ಟೆಲಿಸ್ಕೋಪಿಗೆ, ಅದರ ಜೊತೆಗೇ ಅಟ್ಟದ ಕೆಳಗಿದ್ದ ಕ್ಯಾಮೆರಾ ಸಿಕ್ಕಿಸಿದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಕೆಂಪು ಬಿಲ್ಲೆಯ ನಡುವೆ ಸಣ್ಣಗೆ ಬಾಗಿದ ಒಂದು ಕಪ್ಪು ಗೆರೆ. ಹಿಂದೆ ದೊಡ್ಡ ದೊಡ್ಡ ಪಂಡಿತರೇ ಮಂಗಳನಲ್ಲಿ ನಾಲೆಗಳಿವೆ ಎಂದು ನಂಬಿದ್ದರಂತೆ. ಅವರ ಕಥೆ ಓದಿ ನಕ್ಕವರಲ್ಲಿ ನಾನೂ ಒಬ್ಬ. ಆ ಗಳಿಗೆಯಲ್ಲಿ ಮನಸ್ಸಿನಲ್ಲೇ ಅವರೆಲ್ಲರ ಕ್ಷಮೆ ಕೇಳಿದೆ.

"ಜಯಾ, ಮಂಗಳನ ಮೇಲೆ ನಾಲೆ ಐತೆ ಕಣೇ, ಬಾ" ಎಂದು ಕೂಗಿದೆ.

ನಾಲೆ ಎಂದ ಕೂಡಲೇ ಬಂದಳು. ನೀರು ಬಿಟ್ಟರೇ, ಇಲ್ಲವೇ ಎಂದು ವರ್ಷವಿಡೀ ವಿಚಾರಿಸುವ ಸೀಮೆಯವಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕದಲ್ಲೇ ಕೂತಳು. "ಎಷ್ಟು ನೀಟಾಗಿ ತೋಡವ್ರೆ ನೋಡ್ರೀ. ಅಲ್ಲೂ ಕೊನೇ ತೋಟದೋರಿಗೆ ನೀರು ಬರಾಕಿಲ್ವೇನೋ" ಎಂದಳು. ಇಬ್ಬರೂ ಸೇರಿ ಆ ನಾಲೆಯ ಬದಿಗೆ ತೆಂಗು ನೆಟ್ಟೆವು, ತೆಂಗಿನ ಸಾಲಿನ ನಡುವೆ ಬಾಳೆ ಹಾಕಿದೆವು. ಗರಿಗಳ ಮರ್ಮರ ಯಾವ ಗ್ರಹದ್ದೆಂದು ತಿಳಿಯದಂತಾಯಿತು. ಅಷ್ಟು ಸುಖವಾಗಿ ನಾನು ಯಾವ ಸಂಜೆಯೂ ಕೂತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಜಯಮ್ಮ, "ಅಲ್ರೀ, ಗ್ರಹ ಆ ಕಡೀಕೆ ಹೋಯ್ತಾ ಐತೆ, ನಾಲೆ ಇಲ್ಲೇ ನಿಂತೈತಲ್ಲ" ಎಂದಳು.

ನಿಜ. ಭೂಮಿ ತಿರುಗಿದಂತೆ ಪರದೆಯ ಮೇಲೆ ಮಂಗಳ ಮೆಲ್ಲಗೆ ಸರಿಯುತ್ತಿದ್ದ. ಗೆರೆ ಮಾತ್ರ ಇದ್ದಲ್ಲಿಂದ ಕದಲಿರಲಿಲ್ಲ. ಕ್ಯಾಮೆರಾ ಕಳಚಿ ಟಾರ್ಚ್ ಬಿಟ್ಟೆ. ಕ್ಯಾಮೆರಾದ ಗಾಜಿನ ಮೇಲೆ ಅಟ್ಟದ ಕಾಯಿಯಿಂದ ಉದುರಿದ ಒಂದೆಳೆ ನಾರು. ವಿಜ್ಞಾನದ ಮರ್ಯಾದೆ ಉಳಿಸಲು ಉಫ್ ಎಂದು ಊದಿಬಿಟ್ಟೆ. ಮತ್ತೆ ಜೋಡಿಸಿ ನೋಡಿದಾಗ ಮಂಗಳ ಬೋಳುಬೋಳಾಗಿದ್ದ.

"ಬರೀ ಬೀಳು ನೆಲ. ಇದನ್ನೇನು ನೋಡೋದು ಬುಡಿ" ಎಂದು ಜಯಮ್ಮ ಸಾರು ಬಿಸಿಮಾಡಲು ಎದ್ದುಹೋದಳು.

ನಮ್ಮ ಸೀಮೆಯಲ್ಲಿ ತೆಂಗಿನ ನಾರಿಗೆ ಬರವೇ? ಆದರೂ ಅಷ್ಟು ಚೆನ್ನಾಗಿ ಬಾಗಿದ್ದು ಹುಡುಕಿದರೆ ಒಂದೂ ಸಿಗುತ್ತಿಲ್ಲ. ಮಂಗಳ ದಿನದಿನಕ್ಕೂ ದೂರ ಹೋಗುತ್ತಿದ್ದಾನೆ. ನಾನು ಕ್ಯಾಮೆರಾದ ಮುಚ್ಚಳ ತೆಗೆದು ಅಟ್ಟದ ಕೆಳಗಿಟ್ಟು, ಏನಾದರೂ ಉದುರೀತೇ ಎಂದು ಕಾಯುತ್ತಿದ್ದೇನೆ.