ಅತ್ತೆಯ ಸಂತ್ರಾ ಸುಗ್ಗಿ

ವಾಡಿಯ ನಮ್ಮ ಅತ್ತೆಯ ಕೈಯಡುಗೆ ಉಂಡು ಹೊಗಳದೆ ಎದ್ದವರು ಯಾರೂ ಇಲ್ಲ. ಇದು ಸತ್ಯ. ಆದರೆ ಸತ್ಯಕ್ಕೂ ಒಂದು ಹಂಗಾಮು ಇರುತ್ತದೆ ನೋಡಿ! ದೀಪಾವಳಿ ಮುಗಿದು ಶಿವರಾತ್ರಿ ಬರುವ ತನಕ ಆ ಮನೆಯಲ್ಲಿ ಉಣ್ಣಲು ಕೂತವರು ಹೊಗಳಿದ್ದು ಬರೀ ನೀರನ್ನು. ಆ ತಿಂಗಳುಗಳಲ್ಲಿ ಅಲ್ಲಿ ಕಿತ್ತಳೆ ಬೀಳದ ಪದಾರ್ಥ ಅದೊಂದೇ ಇತ್ತು. ಅದೂ ಮೊದಮೊದಲು. ಆಮೇಲೆ ಘಮಘಮ ಎನ್ನಲಿ ಎಂದು ಕುಡಿಯುವ ನೀರಿನ ಕೊಡಕ್ಕೂ ಸಿಪ್ಪೆ ಬೀಳತೊಡಗಿತು.

ಕಿತ್ತಳೆಗೆ ನಮ್ಮ ಕಡೆ ಸಂತ್ರಾ ಅನ್ನುತ್ತಾರೆ. ನಮ್ಮಲ್ಲಿ ತೊಗರಿ ಬೆಳೆಯುತ್ತದೆ, ಜೋಳ ಬೆಳೆಯುತ್ತದೆ, ನೆಲ ಅಗೆದರೆ ಹಾಸುಗಲ್ಲು ಸಿಗುತ್ತದೆ. ಸಂತ್ರಾ ಮಾತ್ರ ಬೆಳೆಯುವುದಿಲ್ಲ. ಮತ್ತೆ ಅತ್ತೆಯ ಮನೆಗೆ ಅಷ್ಟು ಹಣ್ಣು ಎಲ್ಲಿಂದ ಬರುತ್ತಿತ್ತು? ಅತ್ತೆಯ ಗಂಡ, ಅಂದರೆ ನಮ್ಮ ಮಾಮಾ, ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಸಿಕಂದರಾಬಾದಿಗೆ ಹೋದಾಗಲೆಲ್ಲ ಅಲ್ಲಿಯ ಬಜಾರಿನಿಂದ ನಾಗಪುರದ ಹಣ್ಣಿನ ಬುಟ್ಟಿಯೊಂದನ್ನು ಗಾಡಿಯ ಕೊನೆಗಿರುವ ತಮ್ಮ ಗಾರ್ಡ್ ಡಬ್ಬಿಯಲ್ಲಿ ಹೇರಿಕೊಂಡು ಬರುವುದು ಅವರ ನೇಮ. ಹಸಿರು ಬಾವುಟ ಬೀಸಲು ಮರೆತರೂ ಮರೆತಾರು, ಬುಟ್ಟಿ ಮರೆಯುತ್ತಿರಲಿಲ್ಲ.

ಇನ್ನು ತಿನ್ನುವವರ ವಿಚಾರ. ಮಾಮಾಗೆ ಹುಳಿ ತಾಗಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಒಬ್ಬಳೇ ಮಗಳಿಗೆ ಹಸುಗೂಸಾಗಿದ್ದಾಗಿನಿಂದ ಎಡಗಿವಿ ಸೋರುತ್ತಿತ್ತು. ಆ ಕಿವಿ ಕೇಳಿಸುತ್ತಲೂ ಇರಲಿಲ್ಲ. ಅರಳೆ ತುರುಕಿಕೊಂಡ ಹುಡುಗಿಗೆ ಥಂಡಿಯ ದಿನದಲ್ಲಿ ಸಂತ್ರಾ ಕೊಡುವವರುಂಟೇ? ಉಳಿದವಳು ಅತ್ತೆ. ಆಕೆ ಒಂದು ತೊಳೆಯನ್ನಾದರೂ ಬಾಯಿಗೆ ಹಾಕಿಕೊಂಡಿದ್ದನ್ನು ಕಂಡವರಿಲ್ಲ! ಹೀಗೆ ಯಾರೂ ತಿನ್ನದ ಹಣ್ಣು ಯಾರೂ ಬೇಡದೆ ಬುಟ್ಟಿಗಟ್ಟಲೆ ಬಂದು ಬೀಳುತ್ತಿತ್ತು.

ಬೇಡ ಎನ್ನಲು ಅತ್ತೆಗೇನು ಬಾಯಿ ಇರಲಿಲ್ಲವೇ? ಇತ್ತು ಸ್ವಾಮಿ. ಹಾಲಿಗೆ ನೀರು ಬೆರೆಸಿದ ಗೌಳಿಯನ್ನು ಚಿತ್ತಾಪುರಕ್ಕೆ ಕೇಳುವ ಹಾಗೆ ಬೈಯಬಲ್ಲ ಬಾಯಿ ಅದು. ಆದರೆ ಮಾಮಾ ಬುಟ್ಟಿ ತಂದು ಇಳಿಸಿದಾಗ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲೇ ಇಡಿ ಎಂದಷ್ಟೇ ಹೇಳಿ ಕೆಲಸಕ್ಕೆ ಇಳಿಯುವಳು. ಒಂದು ಹಣ್ಣು ತಿಪ್ಪೆಗೆ ಹೋಗಬಾರದು. ಅದು ಆಕೆಯ ವ್ರತ.

ಚಳಿಗಾಲದಲ್ಲಿ ಶಾಲೆಗೆ ಸೂಟಿ ಬಿಟ್ಟಾಗ ನಾನು ಸೇಡಂನಿಂದ ರೈಲು ಹತ್ತಿ ಅತ್ತೆಯ ಮನೆಗೆ ಹೋಗುತ್ತಿದ್ದೆ. ಹಾಗಾಗಿ ಆ ವ್ರತದ ಪ್ರಸಾದ ನನಗೆ ದಂಡಿಯಾಗಿ ಸಿಕ್ಕಿದೆ. ಬೇಳೆಸಾರಿಗೆ ಹುಣಸೆಹಣ್ಣಿನ ಬದಲು ಸಂತ್ರಾ ರಸ. ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇರಬೇಕಾದಲ್ಲಿ ಸಿಪ್ಪೆಯ ಹಿಂಡಿ; ಅದು ಗಂಟಲಲ್ಲಿ ಇಳಿಯುವಾಗ ಯಾಕಾದರೂ ಹುಟ್ಟಿದೆನೋ ಎನ್ನಿಸುವಷ್ಟು ಕಹಿ. ಮಾಳಿಗೆಯ ಮೇಲೆ ಒಣಗಲು ಹರವಿದ ಸಿಪ್ಪೆ ನೋಡಿ ಹೊಸಬರು, ಈ ಮನೆಯವರದು ಚರ್ಮದ ವ್ಯಾಪಾರವೇ ಎಂದು ಕೇಳಿದ್ದುಂಟು. ಒಮ್ಮೆ ಸೀಗೆಕಾಯಿಗಿಂತ ಇದೇ ಒಳ್ಳೆಯದೆಂದು ನನ್ನ ತಲೆಗೆ ರಸ ಹಚ್ಚಿ ಎರೆದಳು. ಕೂದಲು ಮಿಂಚಿತು, ಸುಳ್ಳೇಕೆ ಹೇಳಲಿ? ಆದರೆ ವಾಡಿಯ ಇರುವೆಗಳು ನನ್ನ ಜಡೆ ಹಿಡಿದುಕೊಂಡು ಟಿಕೆಟ್ ಇಲ್ಲದೆ ಸೇಡಂವರೆಗೆ ಬಂದವು!

ಹಿತ್ತಾಳೆಯ ಕೊಡ ಸಿಪ್ಪೆಯಿಂದ ತಿಕ್ಕಿದರೆ ಬಂಗಾರದ ಹಾಗೆ ಬೆಳಗುತ್ತದೆ ಎಂದು ಗೊತ್ತಾದ ವರ್ಷ ಅತ್ತೆಯ ತಲೆ ಇನ್ನೂ ಮುಂದಕ್ಕೆ ಓಡಿತು. ಕೊಡ ಬೆಳಗಿದ್ದು ಕಲ್ಲು ಬೆಳಗದೇ? ಮನೆಯ ಪಡಸಾಲೆಗೆ ಶಹಾಬಾದಿನ ನುಣುಪು ಕಲ್ಲು ಹಾಸಿತ್ತು. ಬಗ್ಗಿದರೆ ಮುಖ ಕಾಣುವಂಥದ್ದು, ಮಾಮಾ ಆರಿಸಿ ಆರಿಸಿ ತಂದದ್ದು. ಅತ್ತೆ ಅದರ ಮೇಲೆ ಎರಡು ಬುಟ್ಟಿ ಹಣ್ಣಿನ ರಸ ಸುರುವಿ, ಚೆನ್ನಾಗಿ ಹಿಡಿಯಲಿ ಎಂದು ಬಿಟ್ಟಳು. ಆ ಕಲ್ಲಿಗೂ ಹುಳಿಗೂ ಅತ್ತೆ ಸೊಸೆಯ ಸಂಬಂಧ ಎಂದು ಆಕೆಗೆ ಯಾರು ಹೇಳಬೇಕು? ತೊಳೆದು ನೋಡಿದರೆ ಪಡಸಾಲೆಯ ತುಂಬ ಸುಣ್ಣ ಚೆಲ್ಲಿದಂತೆ ಬಿಳಿ ಬಿಳಿ ಕಲೆ! ನುಣುಪು ಹೋಗಿ ಕಲ್ಲು ಬೀಸುಕಲ್ಲಿನಂತೆ ತರಿತರಿಯಾಗಿತ್ತು. ಡ್ಯೂಟಿ ಮುಗಿಸಿ ಬಂದ ಮಾಮಾ ಬಾಗಿಲಲ್ಲೇ ನಿಂತರು.

"ಛಲೋ ಆತು ಬಿಡು," ಎಂದರು. "ಇನ್ನ ಕಾಲು ಜಾರೂದಿಲ್ಲ."

ಅಷ್ಟೇ. ಮುಂದಿನ ಸಲ ಇನ್ನೂ ದೊಡ್ಡ ಬುಟ್ಟಿ ಬಂತು. ಇಂಥ ಗಂಡನ ಜೊತೆ ಜಗಳವಾಡುವುದಾದರೂ ಹೇಗೆ?

ಅತ್ತೆ ಬಿದಿರಿನ ಪುಟ್ಟಿಯಲ್ಲಿ ಹಣ್ಣು ಹಾಕಿಕೊಂಡು ಹಂಚಲು ಹೊರಟರೆ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಎಷ್ಟೆಂದು ತಿಂದಾರು ಪಾಪ! ಮುಚ್ಚದೆ ಇದ್ದದ್ದು ಪಕ್ಕದ ಮನೆಯ ಬಾಗಿಲೊಂದೇ. ಆ ಮನೆಯ ಮುದುಕಿಯನ್ನು ಓಣಿಯೆಲ್ಲ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಖಾಲಾ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಕಹಿ ಹೋಗುವ ತನಕ ಕುದಿಸಿ, ಸಕ್ಕರೆ ಪಾಕದಲ್ಲಿ ಹಾಕಿ, ಹಬ್ಬದ ದಿನ ಜರ್ದಾ ಎಂಬ ಕೇಸರಿ ಬಣ್ಣದ ಸಿಹಿ ಅನ್ನ ಮಾಡುತ್ತಿದ್ದಳು. ಅತ್ತೆಯ ಹಣ್ಣಿಗೆ ಸಿಕ್ಕ ಏಕಮಾತ್ರ ಸದ್ಗತಿ ಅದು! ಪುಟ್ಟಿ ತೆಗೆದುಕೊಳ್ಳುವಾಗ ಖಾಲಾ ಅತ್ತೆಯ ಮುಖವನ್ನೇ ದಿಟ್ಟಿಸುವಳು, ಅತ್ತೆ ನೆಲ ನೋಡುವಳು. ಏನೋ ಅಡುಗೆಯ ಗುಟ್ಟಿರಬೇಕು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಮಗಳು ಮದುವೆಯ ವಯಸ್ಸಿಗೆ ಬಂದಳು. ಚಿಂಚೋಳಿಯಿಂದ ಗಂಡಿನ ಕಡೆಯವರು ನೋಡಲು ಬಂದದ್ದು ಸರಿಯಾಗಿ ಸಂತ್ರಾ ದಿನಗಳಲ್ಲೇ. ಬೇರೆ ದಿನ ಇರಲಿಲ್ಲವೇ ಅವರಿಗೆ? ಮಂಡಾಳು, ಅಂದರೆ ಮಂಡಕ್ಕಿ, ನೆನೆಸಿ ಮಾಡುವ ಸುಸಲಾಕ್ಕೆ ಲಿಂಬೆ ಹಿಂಡುವುದು ಲೋಕದ ರೂಢಿ. ಅತ್ತೆ ಸಂತ್ರಾ ಹಿಂಡಿದಳು. ಗಂಡಿನ ತಾಯಿ ಒಂದು ತುತ್ತು ಬಾಯಿಗೆ ಹಾಕಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ಹುಡುಗಿಯ ಎಡಕ್ಕೆ ಸರಿದು ಕೂತು ಮೆಲ್ಲಗೆ ಏನೋ ಕೇಳಿದರು. ಹುಡುಗಿ ಎದುರಿನ ಗೋಡೆ ನೋಡುತ್ತ ಸುಮ್ಮನಿದ್ದಳು. ಮತ್ತೆ ಕೇಳಿದರು. ಗೋಡೆಯಾದರೂ ಉತ್ತರ ಕೊಟ್ಟೀತು, ಈಕೆ ಇಲ್ಲ. ಅತ್ತೆ ಸುಸಲಾದ ಪಾತ್ರೆ ಹಿಡಿದು, ಇನ್ನಷ್ಟು ಹಾಕಲೇ ಎಂದು ಓಡಿ ಬಂದಳು. ಮಾಮಾ ಕೈ ಅಡ್ಡ ಹಿಡಿದರು.

"ಆಕಿಗಿ ಆ ಕಿವಿ ಕೇಳಸಂಗಿಲ್ರಿ," ಎಂದರು. "ತಪ್ಪು ಕೂಸಿಂದಲ್ಲ, ನಂದು. ಇಕಿ ಅವ್ವ ಬಸುರಿ ಇದ್ದಾಗ ಸಂತ್ರಾ ಬೇಡಿದ್ದಳು. ನಾ ಡ್ಯೂಟಿ ಗದ್ದಲದಾಗ ಮರತು ಬರಿಗೈಲೆ ಮನಿಗಿ ಬಂದೆ."

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಶಹಾಬಾದಿನ ಡಾಕ್ಟರು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಕಿವಿಯೊಳಗೆ ಕೀವಾಗಿತ್ತು ಎಂದು ತಿಳಿಸಿ ಹೇಳಿದ್ದರಂತೆ. ಮಾಮಾ ತಲೆಯಾಡಿಸಿ ಕೇಳಿಸಿಕೊಂಡು, ಮರುವಾರ ಮತ್ತೊಂದು ಬುಟ್ಟಿ ತಂದಿದ್ದರು. ಬುಟ್ಟಿಗಳ ಮೂಲ ನನಗೆ ತಿಳಿದದ್ದು ಆ ದಿನ. ಅತ್ತೆ ಪಾತ್ರೆ ಹಿಡಿದುಕೊಂಡೇ ಅಡುಗೆಮನೆಗೆ ಹೋದವಳು ಬೀಗರು ಎದ್ದು ಹೋಗುವ ತನಕ ಹೊರಗೆ ಬರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆವು.

ಮದುವೆ ಗೊತ್ತಾಯಿತು! ಮುಚ್ಚಿಡದೆ ಸತ್ಯ ಹೇಳುವ ಮನೆ ಸಿಕ್ಕಿತು ಎಂದು ಗಂಡಿನ ತಾಯಿ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದರಂತೆ. ಗಂಡು ಒಪ್ಪಿದ ಕಾರಣ ಬೇರೆ. ಆತ ಈ ಮಾತೆಲ್ಲ ಏಳುವ ಮೊದಲೇ ಸುಸಲಾ ಇನ್ನೊಂದು ಸಲ ಹಾಕಿಸಿಕೊಂಡು ಉಂಡಿದ್ದ. ಹುಳಿಗೆ ಹುಟ್ಟಿದ ಮನುಷ್ಯ!

ಮಗಳು ಚಿಂಚೋಳಿಯಲ್ಲಿ ಸುಖವಾಗಿ ಸಂಸಾರ ಹೂಡಿದಳು. ಮಾಮಾ ನೌಕರಿಯಿಂದ ನಿವೃತ್ತರಾದರು. ಹಣ್ಣು ನಿಲ್ಲಲಿಲ್ಲ. ಸಿಕಂದರಾಬಾದಿಗೆ ಹೋಗುವ ಹುಡುಗ ಗಾರ್ಡುಗಳನ್ನು ಹಿಡಿದು ತರಿಸುತ್ತಿದ್ದರು. ಗಾಲಿಗಳ ಸದ್ದಿನಲ್ಲೇ ಕಳೆದ ಅವರ ಕಿವಿಗಳೂ ಮೆಲ್ಲಗೆ ಮಂದವಾಗಿ, ಕೊನೆಕೊನೆಗೆ ಕೂಗಿ ಹೇಳಿದ್ದೂ ಅರ್ಧ ಮುಟ್ಟುತ್ತಿತ್ತು. ಒಂದು ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು.

ಮುಂದಿನ ಚಳಿಗಾಲ ನಾನು ಅತ್ತೆಯ ಹತ್ತಿರ ಹೋದೆ. ಮಾಳಿಗೆಯ ಮೇಲೆ ಸಿಪ್ಪೆ ಇರಲಿಲ್ಲ. ಬೇಳೆಸಾರಿನಲ್ಲಿ ಹುಣಸೆಹಣ್ಣಿತ್ತು. ರುಚಿಯಾಗಿತ್ತು, ಆದರೂ ನನಗೆ ಸೇರಲಿಲ್ಲ. ಸುಮ್ಮನೆ ಕೂತಿದ್ದವಳನ್ನು ನಗಿಸೋಣವೆಂದು, ಇಷ್ಟು ವರ್ಷದಲ್ಲಿ ಒಂದು ಸಲ ಬೇಡ ಅಂದಿದ್ದರೆ ನಮ್ಮ ಪಡಸಾಲೆಯಾದರೂ ಉಳಿಯುತ್ತಿತ್ತಲ್ಲ ಎಂದೆ. ಅತ್ತೆ ನಗಲಿಲ್ಲ.

"ಅವರು ಬರಿಗೈಲೆ ಬಂದ ದಿನ ಮುಂಜಾನೇನೇ ನಾ ಸಂತ್ರಾ ತಿಂದಿದ್ದೆ," ಎಂದಳು. "ಖಾಲಾನ ಅಣ್ಣ ಹೈದರಾಬಾದಿಂದ ತಂದಿದ್ದ. ಆಕಿ ನನ್ನ ಮಾರಿ ನೋಡಿ ಉಡ್ಯಾಗ ಹಾಕಿದಳು. ಹೊಟ್ಟಿ ತುಂಬ ತಿಂದೆ. ನನ್ನ ಬಯಕಿ ತೀರಿತ್ತು."

ಆಕೆ ಒಂದೊಂದೇ ಹೇಳಿದಳು. ಆಗಿನ್ನೂ ಎಳೆಯ ವಯಸ್ಸು. ಮರೆತು ಬಂದ ಗಂಡ ನಾಲ್ಕು ದಿನ ಮರುಗಲಿ ಎಂದು ಸಿಟ್ಟಿನಿಂದ ಬಾಯಿ ಮುಚ್ಚಿಕೊಂಡಳು. ಕೂಸು ಹುಟ್ಟಿ ಕಿವಿ ಸೋರಿದಾಗ ಆಕೆಯ ಅತ್ತೆ ಎಲ್ಲರ ಮುಂದೆ, ಬಯಕೆ ತೀರಿಸದ ಫಲ ಎಂದು ಮಗನನ್ನೇ ಅಂದುಬಿಟ್ಟಳು. ಆಗ ಹೇಳಿದರೆ, ಹಾಗಾದರೆ ಕೂಸಿನ ಕಿವಿ ಕೆಟ್ಟದ್ದು ಏತಕ್ಕೆ, ಎರೆಯುವಾಗ ನೀನೇ ನೀರು ಬಿಟ್ಟೆಯಾ ಎಂದು ತಪ್ಪು ತನ್ನ ತಲೆಗೆ ಬರುತ್ತದೆಂದು ಅಂಜಿದಳು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುವಷ್ಟರಲ್ಲಿ ಬುಟ್ಟಿಗಳು ಬರತೊಡಗಿದವು. ಬುಟ್ಟಿ ಬಂದಂತೆಲ್ಲ ಮಾತು ಹಿಂದೆ ಸರಿಯಿತು. ತಿನ್ನಲು ಹೋದರೆ ತೊಳೆ ಗಂಟಲಲ್ಲಿ ಇಳಿಯದು. ಚೆಲ್ಲಲು ಕೈ ಬಾರದು. ಖಾಲಾಗೆ ಎಲ್ಲ ಗೊತ್ತಿತ್ತು, ಆಕೆ ಯಾರಿಗೂ ಹೇಳದೆ ಮಣ್ಣಿಗೆ ಹೋದಳು.

ಮಾಮಾ ಹಾಸಿಗೆ ಹಿಡಿದ ಕೊನೆಯ ಚಳಿಗಾಲ ಅತ್ತೆ ಮನಸ್ಸು ಗಟ್ಟಿ ಮಾಡಿದಳಂತೆ. ಅದೇ ಕಲೆಬಿದ್ದ ಪಡಸಾಲೆಯಲ್ಲಿ, ಬಿಸಿಲಿಗೆ ಅವರನ್ನು ಕೂಡಿಸಿ, ಹತ್ತಿರ ಕೂತು ಒಂದು ಹಣ್ಣು ಸುಲಿದಳು. ಒಂದು ತೊಳೆ ಬಾಯಿಗೆ ಹಾಕಿಕೊಂಡಳು. ಆಮೇಲೆ ಎಲ್ಲವನ್ನೂ ಹೇಳಿದಳು, ಒಂದು ಮಾತು ಬಿಡದೆ. ಮಾಮಾ ಆಕೆಯ ತುಟಿಗಳನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಕಿವಿಗೆ ಕೈ ಹಿಡಿದು, ಏನಂದಿ ಎಂದು ಕೇಳಿದರು.

ಕೂಗಿ ಹೇಳಬೇಕಿತ್ತು. ಬಾಣಂತನಕ್ಕೆ ಬಂದಿದ್ದ ಮಗಳು ಒಳಗಿದ್ದಳು, ಕಟ್ಟೆಯ ಮೇಲೆ ಓಣಿಯ ಹೆಂಗಸರಿದ್ದರು. ಚಿತ್ತಾಪುರಕ್ಕೆ ಕೇಳುವ ಆ ಬಾಯಿ ಈ ಮಾತಿಗೆ ಮಾತ್ರ ಆವತ್ತು ಮೇಲೇಳಲಿಲ್ಲ.

"ಹಣ್ಣು ಭಾಳ ಸಿಹಿ ಅದ ಅಂದೆ, ಅಂತ ಒದರಿ ಹೇಳಿದೆ," ಎಂದಳು ಅತ್ತೆ. "ನಾ ತಿಂದದ್ದು ನೋಡಿ ಅವರ ಮಾರಿ ಹೆಂಗಾತು ಅಂತಿ. ತಡಿ, ಇನ್ನೊಂದು ಬುಟ್ಟಿ ತರಸ್ತೀನಿ ಅಂದ್ರು."

ಬುಟ್ಟಿ ಬಂತೇ ಎಂದು ಕೇಳಿದೆ. ಬಂತು ಎಂದಳು. ಅದನ್ನೇನು ಮಾಡಿದೆ ಎಂದು ಕೇಳಿದೆ. ಹಿಂಡಿಯೋ, ಸಾರೋ, ಉಪ್ಪಿನಕಾಯಿಯೋ ಎಂದು ಅಭ್ಯಾಸದಂತೆ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನೂ ಮಾಡಲಿಲ್ಲ ಯವ್ವಾ," ಎಂದಳು. "ದಿನಾ ಅವರ ಮುಂದ ಕುಂತು ಸುಲಿದು ಸುಲಿದು ತಿಂದೆ. ಅವರು ನೋಡಿಕೋತ ಕುಂದರ್ತಿದ್ದರು."