ಇಪ್ಪತ್ತೆರಡು ಮುದ್ರೆ, ಒಂದು ಜೋಡಿ ಕಾರ್ಡು

ಇಂದ:
ಹಿರಿಯ ಗುಮಾಸ್ತ, ರಜಾ ಶಾಖೆ
(ಬೆನ್ನ ಹಿಂದೆ ಕರೆಯುವ ಹೆಸರು: ಆಕ್ಷೇಪಣೆ),
ಸದ್ಯದ ವಾಸ: ನಡುಮನೆಯ ಸೋಫಾ.

ಗೆ:
ಮನೆಯೊಡತಿಯವರು, ಹೊಲಿಗೆ ಅಂಗಡಿಯ ಮಾಲೀಕರು,
ಒಳಕೋಣೆ (ಬಾಗಿಲು ಹಾಕಿದೆ).

ಮುಖಾಂತರ: ಮಗಳು.

ವಿಷಯ: ತಮ್ಮ ಪಾದಯಾತ್ರೆಯ ಕಾರ್ಡನ್ನು ಹಾಳುಮಾಡಿದ್ದಕ್ಕೆ ತಪ್ಪೊಪ್ಪಿಗೆ, ಹಾಗೂ ತಮ್ಮ ಹಿಂದೆ ನಡೆದು ಬರಲು ಅನುಮತಿ ಕೋರಿ.

ಉಲ್ಲೇಖ: 1) ಹೋದ ವಾರ ಬುಧವಾರ ಸಂಜೆಯ ತಮ್ಮ ಮೌಖಿಕ ಆದೇಶ: "ಇನ್ನು ನನ್ನ ಹತ್ರ ಮಾತಾಡ್ಬೇಡಿ."
2) ಫ್ರಿಜ್ಜಿನ ಬಾಗಿಲಿಗೆ ತಾವು ಅಂಟಿಸಿದ ಚೀಟಿ: "ಹಾಲು."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಾವು ಇಪ್ಪತ್ತೆರಡು ದಿನಗಳ ಪಾದಯಾತ್ರೆಗೆ ಮೂರು ತಿಂಗಳಿಂದ ತಯಾರಿ ನಡೆಸಿದ್ದೀರಿ. ಬೆಳಗಾಗೆದ್ದು ಬೆನ್ನಿಗೆ ಅಕ್ಕಿ ತುಂಬಿದ ಚೀಲ ಕಟ್ಟಿಕೊಂಡು ಕೆರೆ ಸುತ್ತಿದ್ದೀರಿ. ಎರಡು ಜೊತೆ ಕಾಲುಚೀಲ ಒಂದರ ಮೇಲೊಂದು ಹಾಕಿ, ಒಂದಳತೆ ದೊಡ್ಡ ಬೂಟು ಹದ ಮಾಡಿಕೊಂಡಿದ್ದೀರಿ. ಚೀಲವನ್ನು ತಾವೇ ಹೊಲಿದಿರಿ. ಅಂಗಡಿಯ ಹುಡುಗಿಯರೆಲ್ಲ ಅದನ್ನು ಮುಟ್ಟಿ ನೋಡಿ ಭೇಷ್ ಎಂದರು. ಅರ್ಜಿದಾರನು ಟೇಪು ಹಿಡಿದು, ಎಡಪಟ್ಟಿ ಬಲಪಟ್ಟಿಗಿಂತ ಕಾಲಿಂಚು ಉದ್ದವಿದೆ ಎಂದನು. ತಾವು ಪಟ್ಟಿ ಬಿಚ್ಚಿ ಮತ್ತೆ ಹೊಲಿದಿರಿ. ಹೊಲಿದ ಮೇಲೆ ಗೊತ್ತಾಯಿತು, ಟೇಪಿನ ತುದಿಯೇ ಸವೆದಿತ್ತು. ಅದನ್ನು ಅರ್ಜಿದಾರನು ಈವರೆಗೆ ತಮ್ಮ ಗಮನಕ್ಕೆ ತಂದಿರಲಿಲ್ಲ.

2. ಮಂಗಳವಾರ ತಾವು ಯಾತ್ರಾ ಸಂಘದ ಕಾರ್ಡನ್ನು ಅರ್ಜಿದಾರನ ಕೈಗಿತ್ತು, "ಆಫೀಸಲ್ಲಿ ಒಂದು ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ, ಅಷ್ಟೇ. ಅಷ್ಟೇ ಮಾಡಿ," ಎಂದಿರಿ. ಸದರಿ ಕಾರ್ಡಿನಲ್ಲಿ ಇಪ್ಪತ್ತೆರಡು ಖಾಲಿ ಚೌಕಗಳಿದ್ದು, ಪ್ರತಿ ಸಂಜೆ ತಲುಪಿದ ತಂಗುಮನೆಯವರು ಒಂದೊಂದಕ್ಕೆ ಮುದ್ರೆ ಒತ್ತಬೇಕು. ಮುದ್ರೆಯಿದ್ದರೆ ಮಾತ್ರ ಮರುದಿನ ಮುಂದಿನ ಮನೆಯಲ್ಲಿ ಹಾಸಿಗೆ.

3. ಕಾರ್ಡು ಬುಧವಾರ ಅರ್ಜಿದಾರನ ಮೇಜಿನ ಮೇಲೆ ಕಡತಗಳ ನಡುವೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡೂ ಚೌಕಗಳಲ್ಲಿ "ಪರಿಶೀಲಿಸಿದೆ" ಎಂಬ ಕಚೇರಿ ಮುದ್ರೆ ಬಿದ್ದಿತ್ತು, ಕೊನೆಯದರ ಕೆಳಗೆ ಸಹಿಯೂ ಇತ್ತು. ಅಟೆಂಡರು ಅದನ್ನೆತ್ತಿ ನೋಡಿ, "ಏನ್ ಸಾರ್, ಅಮ್ಮಾವ್ರು ಆಗ್ಲೇ ಹೋಗಿ ಬಂದ್ಬಿಟ್ರಾ?" ಎಂದು ಕೇಳಿದನು. ಇಡೀ ಶಾಖೆ ಬಿದ್ದು ಬಿದ್ದು ನಕ್ಕಿತು.

4. ಮನೆಯಲ್ಲಿ ಯಾರೂ ನಗಲಿಲ್ಲ. ತಾವು, "ಬೇಕಂತ್ಲೇ ಮಾಡಿದ್ದೀರಿ," ಎಂದಿರಿ. ಕಡತ ನೋಡುವ ಭರದಲ್ಲಿ ಕೈ ತಪ್ಪಿತು, ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ಎಂದು ಅರ್ಜಿದಾರನು ಎಂಟು ದಿನ ವಾದಿಸಿದನು. ತಾವು ಮಾತು ಬಿಟ್ಟಿದ್ದ ಕಾರಣ, ಮಗಳೊಡನೆ ವಾದಿಸಿದನು.

5. (ಈ ಅಂಶವನ್ನು ಬರೆದು ಹೊಡೆದು ಹಾಕಲಾಗಿದೆ. ಅದು ತಮ್ಮ ಅಣ್ಣನವರ ಬಗ್ಗೆ ಇತ್ತು.)

6. ಸೋಮವಾರ ಹೊರಡುವುದೇ ಈ ವರ್ಷದ ಕೊನೆಯ ತಂಡ. ಮರಗಳ ಎಲೆಯೆಲ್ಲ ಉದುರಿ ಆಯಿತು. ಆ ತಂಡ ದಾಟಿದ ಮೇಲೆ ಚಳಿಗೆ ತಂಗುಮನೆಗಳು ಬಾಗಿಲು ಹಾಕುತ್ತವೆ. ಕಾರಣ, ಅರ್ಜಿದಾರನು ನಿನ್ನೆ ಅರ್ಧ ದಿನ ರಜೆ ಹಾಕಿ ಯಾತ್ರಾ ಸಂಘಕ್ಕೆ ಹೋದನು. ಅಲ್ಲಿನ ಕಾರ್ಯದರ್ಶಿ ಹೆಂಗಸು ಕನ್ನಡಕ ಏರಿಸಿ, "ಒಂದೇ ಹೆಸರಿಗೆ ವರ್ಷಕ್ಕೆ ಒಂದೇ ಕಾರ್ಡು. ನಿಯಮ," ಎಂದರು. ಅರ್ಜಿದಾರನು ವಿನಂತಿಸಿದನು. "ನಿಯಮ ಸಾರ್," ಎಂದರು. ಅರ್ಜಿದಾರನು ಕೈಮುಗಿದನು. "ನೀವೇ ಆಫೀಸಲ್ಲಿರೋರು, ನಿಮಗೆ ನಾನು ಹೇಳ್ಬೇಕಾ?" ಎಂದರು. ಕಿಟಕಿಯ ಈಚೆ ನಿಂತು ಆ ಮಾತು ಕೇಳುವುದು ಹೇಗಿರುತ್ತದೆಂದು ಅರ್ಜಿದಾರನಿಗೆ ಈ ವಯಸ್ಸಿನಲ್ಲಿ ತಿಳಿಯಿತು.

7. ಬಳಿಕ ಅವರೇ ಕನಿಕರಪಟ್ಟು, "ಗಂಡ ಹೆಂಡ್ತಿ ಒಟ್ಟಿಗೆ ಹೋಗೋದಾದ್ರೆ, ಗಂಡನ ಹೆಸರಲ್ಲಿ ಜೋಡಿ ಕಾರ್ಡು ಕೊಡ್ಬಹುದು. ಆದ್ರೆ ಪ್ರತಿ ಮನೇಲೂ ಇಬ್ರೂ ನಡ್ಕೊಂಡೇ ಬಂದು ಸಹಿ ಹಾಕ್ಬೇಕು," ಎಂದರು. ಅರ್ಜಿದಾರನು ಬಸ್ಸಿನಲ್ಲಿ ಬಂದು ಸಹಿ ಹಾಕಿದರೆ ನಡೆದೀತೇ ಎಂದು ವಿಚಾರಿಸಲಾಯಿತು. ಕಿಟಕಿ ಮುಚ್ಚಿತು. ತಟ್ಟಿ ತೆಗೆಸಿ ಜೋಡಿ ಕಾರ್ಡನ್ನು ಪಡೆಯಲಾಗಿದೆ.

8. ಇಷ್ಟು ಮಾಡಿ ಬೀಗುತ್ತ ಅರ್ಜಿದಾರನು ಮನೆಗೆ ಬಂದಾಗ, ತಾವು ಒಳಗೆ ಮಗಳಿಗೆ ಹೇಳುತ್ತಿದ್ದ ಮಾತು ಬಾಗಿಲಾಚೆಗೂ ಕೇಳಿಸಿತು: "ನನಗೆ ದೇವರ ಹತ್ರ ಕೇಳೋಕೆ ಏನೂ ಇಲ್ಲ ಕಣೇ. ಇಪ್ಪತ್ತೆರಡು ದಿನ ಯಾರೂ ನನ್ನ ತಪ್ಪು ಹುಡುಕ್ದೆ ಇದ್ರೆ ಸಾಕು ಅಂತ ಹೊರಟಿದ್ದೆ. ಅದನ್ನೂ ಕಿತ್ಕೊಂಡ್ರು." ಅರ್ಜಿದಾರನು ಬೂಟು ಬಿಚ್ಚದೆ ಬಹಳ ಹೊತ್ತು ಹೊಸ್ತಿಲ ಮೇಲೆ ಕೂತಿದ್ದನು.

9. ಆದ್ದರಿಂದ, ಅಂಶ 4ಕ್ಕೆ ಕೆಳಕಂಡ ತಿದ್ದುಪಡಿ: ಕೈ ತಪ್ಪಿ ಒಂದು ಮುದ್ರೆ ಬೀಳಬಹುದು. ಎರಡು ಬೀಳಬಹುದು. ಮೂರನೆಯದು ಒತ್ತುವಾಗ ಅದು ತಮ್ಮ ಕಾರ್ಡೆಂದು ಅರ್ಜಿದಾರನಿಗೆ ಚೆನ್ನಾಗಿ ಗೊತ್ತಿತ್ತು. ಉಳಿದ ಹತ್ತೊಂಬತ್ತನ್ನು ಗೊತ್ತಿದ್ದೇ ಒತ್ತಲಾಗಿದೆ. ಇಪ್ಪತ್ತೆರಡು ದಿನ ತಾವಿಲ್ಲದ ಮನೆಗೆ ಸಂಜೆ ಬರುವುದನ್ನು ನೆನೆದು ಅರ್ಜಿದಾರನಿಗೆ ಹೆದರಿಕೆಯಾಗಿತ್ತು. "ಹೋಗಬೇಡ" ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿತ್ತು. ಬೇರೆ ಕಾರಣವಿಲ್ಲ.

10. ಅನುಮತಿ ದೊರೆತಲ್ಲಿ ಅರ್ಜಿದಾರನು ಈ ಷರತ್ತುಗಳಿಗೆ ಬದ್ಧನಿರುತ್ತಾನೆ:
(ಅ) ತಮ್ಮಿಂದ ನೂರು ಹೆಜ್ಜೆ ಹಿಂದೆ ನಡೆಯತಕ್ಕದ್ದು. ಎಡ ಮೊಣಕಾಲಿನ ಸ್ಥಿತಿ ನೋಡಿದರೆ ಇದಕ್ಕೆ ಪ್ರತ್ಯೇಕ ಪ್ರಯತ್ನ ಬೇಕಾಗಿಲ್ಲ.
(ಆ) ಟೇಪು, ತಕ್ಕಡಿ, ಕೆಂಪು ಪೆನ್ನು ತರತಕ್ಕದ್ದಲ್ಲ.
(ಇ) ತಾವು ದಾರಿ ತಪ್ಪಿದರೂ ತಮ್ಮ ಹಿಂದೆಯೇ ಬಾಯಿಮುಚ್ಚಿಕೊಂಡು ತಪ್ಪತಕ್ಕದ್ದು.

11. ಅರ್ಜಿದಾರನ ಸ್ವಂತ ರಜೆ ಅರ್ಜಿಯು ಪರಿಶೀಲನೆಗೆ ಅವನ ಮೇಜಿಗೇ ಬಂದಿತ್ತು. ಅದರಲ್ಲಿ ಎರಡು ದೋಷಗಳಿದ್ದವು. ಹಾಗೆಯೇ ಮುಂದಕ್ಕೆ ಕಳಿಸಲಾಗಿದೆ.

ಕಾರಣ, ದಯಮಾಡಿ ಜೋಡಿ ಕಾರ್ಡಿನ ಎರಡನೇ ಗೆರೆಯ ಮೇಲೆ ಸಹಿ ಹಾಕಬೇಕೆಂದು, ಹಾಕಲು ಮನಸ್ಸಾಗದಿದ್ದಲ್ಲಿ ಅದು ಅರ್ಜಿದಾರನ ಕರ್ಮವೆಂದು, ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳಲಾಗಿದೆ.

ಸ್ಥಳ: ನಡುಮನೆ
ದಿನ: ಶುಕ್ರವಾರ, ಹೊರಡಲು ಮೂರು ದಿನ ಬಾಕಿ

ವಿಶ್ವಾಸಕ್ಕೆ ಅರ್ಹನಲ್ಲದಿದ್ದರೂ,
ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
1. ಹಾಳಾದ ಕಾರ್ಡು, ಒಂದು.
2. ಜೋಡಿ ಕಾರ್ಡು, ಒಂದು. ಚೌಕಗಳು ಖಾಲಿ ಇವೆ. ಮಗಳಿಂದ ಎಣಿಸಿ ದೃಢಪಡಿಸಿಕೊಳ್ಳಬಹುದು.
3. ಮೊಣಕಾಲಿನ ಬಗ್ಗೆ ಡಾಕ್ಟರ ಚೀಟಿ ("ನಡೆಯಬಹುದು, ಆದರೆ ಯಾಕೆ?").
4. ಹಾಲು, ಒಂದು ಪ್ಯಾಕೆಟ್.

ವಿಶೇಷ ಸೂಚನೆ: ಈ ಅರ್ಜಿಯನ್ನು ತಿರಸ್ಕರಿಸುವ ಪೂರ್ಣ ಅಧಿಕಾರ ತಮಗಿದೆ. ತಿರಸ್ಕರಿಸುವುದಾದರೆ ಚೀಟಿಯಲ್ಲಿ ಬರೆಯದೆ, ಮಗಳ ಕೈಲೂ ಹೇಳಿಸದೆ, ಒಂದು ಸಲ ಹೊರಗೆ ಬಂದು, ಎದುರಿಗೆ ನಿಂತು, ಬಾಯಲ್ಲೇ ಬೈದು ತಿರಸ್ಕರಿಸಬೇಕಾಗಿ ಪ್ರಾರ್ಥನೆ. ಅರ್ಜಿದಾರನು ಬಾಗಿಲಾಚೆಯೇ ಇದ್ದಾನೆ.